ಎಡ ಅಂಗೈಯ ಗಾಯ

ಕಲ್ಲೇಶಪ್ಪನವರು ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಊದಿನಕಡ್ಡಿಯ ವಾಸನೆಯನ್ನೂ ಮೀರಿ ಕೀವಿನ ನಾತ ಹೊಡೆಯಿತು. ದೇವರಮನೆಯ ಬಾಗಿಲಲ್ಲಿದ್ದ ಹೆಂಡತಿ ಸುವರ್ಣಾ ಮೂಗು ಮುಚ್ಚಿಕೊಂಡವಳು, ಮರುಕ್ಷಣವೇ ಗಂಡನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಅಂಗೈ ಬಾತುಹೋಗಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೆರೆಯೊಂದು ಏರಿತ್ತು.

“ಸಣ್ಣ ಗಾಯ ಅಂದಿದ್ರಲ್ರಿ! ಮೈ ಕೆಂಡ ಆಗೇತಿ.”

“ವಿಭೂತಿ ಹಚ್ಚೀನಿ. ಮಾಯತೈತಿ.”

ಹತ್ತು ದಿನಗಳ ಹಿಂದೆ ಬಾಲಾನಗರದ ತಮ್ಮ ಲೇತ್ ಶೆಡ್ಡಿನಲ್ಲಿ ಕಬ್ಬಿಣದ ಚೂರೊಂದು ಎಡ ಅಂಗೈಗೆ ನಾಟಿತ್ತು. ಡಾಕ್ಟರು ಅದನ್ನು ತೆಗೆದು ಕಟ್ಟು ಹಾಕಿ, ಹದಿನೈದು ದಿನ ನೀರು ಸೋಕಿಸಬೇಡಿ ಎಂದಿದ್ದರು. ಕಲ್ಲೇಶಪ್ಪ ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಲಿಂಗದೀಕ್ಷೆಯಾದಂದಿನಿಂದ ಅವರು ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ. ಇಷ್ಟಲಿಂಗಕ್ಕೆ ಎಡ ಅಂಗೈಯೇ ಪೀಠ. ದಿನಾ ಬೆಳಿಗ್ಗೆ ಕಟ್ಟು ಬಿಚ್ಚಿ, ಹಸಿಗಾಯದ ಮೇಲೆಯೇ ಲಿಂಗವಿಟ್ಟು ನೀರೆರೆದು, ವಿಭೂತಿ ತುಂಬಿ ಮತ್ತೆ ಬಟ್ಟೆ ಸುತ್ತುತ್ತಿದ್ದರು.

ಸುವರ್ಣಾ ಫೋನು ಮಾಡಿದ್ದು ಅದೇ ಊರಿನ ನಾರಾಯಣಗೂಡದಲ್ಲಿದ್ದ ಶರಣಕುಮಾರನಿಗೆ. ಹೆಸರು ಕೇಳಿದ್ದೇ ಕಲ್ಲೇಶಪ್ಪನವರ ಮುಖ ಗಂಟಿಕ್ಕಿತು.

ಅವನು ಅಣ್ಣ ವೈಜನಾಥಪ್ಪನ ಮಗ. ಅಣ್ಣ ತೀರಿಕೊಂಡು ಎರಡು ತಿಂಗಳು. ಅಂದು ಕೆಲಸದ ಮೇಲೆ ಹುಮನಾಬಾದಿಗೆ ಹೋಗಿದ್ದ ಕಲ್ಲೇಶಪ್ಪ ಸುದ್ದಿ ಸಿಕ್ಕ ಕೂಡಲೇ ಬಸ್ಸು ಹತ್ತಿದ್ದರು. ರುದ್ರಭೂಮಿ ಮುಟ್ಟುವ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ಅವರು ಯಾರನ್ನೂ ಬಯ್ಯಲಿಲ್ಲ, ಅಳಲೂ ಇಲ್ಲ. ಅಂದಿನಿಂದ ಆ ಮನೆಯ ನೀರು ಮುಟ್ಟಲಿಲ್ಲ. ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಶಿವನಿಗಿಂತ ಮೊದಲು ಆ ಹಸಿಮಣ್ಣೇ ಕಾಣುತ್ತಿತ್ತು.

ಮುಕ್ಕಾಲು ತಾಸಿನಲ್ಲಿ ಶರಣಕುಮಾರ ಬಂದ. ಕೈ ನೋಡಿದವನೇ ಬೆಚ್ಚಿದ.

“ಕಾಕಾ, ಏಳ್ರಿ. ದವಾಖಾನಿಗೆ ಹೋಗೂಣು. ತಡ ಮಾಡಿದ್ರ ಕೈ ಹೋಗತೈತಿ.”

“ನಿನ್ನ ಗಾಡ್ಯಾಗ ನಾ ಬರಂಗಿಲ್ಲ.”

“ಆಟೋದಾಗ ಹೋಗ್ರಿ. ನಾ ಹಿಂದ ಬರ್ತೀನಿ.”

“ಬ್ಯಾಡ. ನಿನಗ ಭಾಳ ಅವಸರ. ನಾ ಸತ್ತರ ನಂದೂ ಲಗೂನ ಮುಗಸ್ತಿ.”

“ಏನ ಮಾತಾಡಾಕತ್ತೀರಿ!” ಸುವರ್ಣಾ ಗದರಿದಳು.

ಕಲ್ಲೇಶಪ್ಪ ಹುಡುಗನತ್ತ ತಿರುಗಿದರು. “ಹುಟ್ಟಿದಾಗಿಂದ ನೋಡಿದ ಮುಖ. ಕಡೀಗೊಮ್ಮೆ ನೋಡಗೊಡಲಿಲ್ಲ ನೀನು. ಎರಡ ತಾಸು ಕಾಯಾಕ ಆಗಲಿಲ್ಲ?”

‘ಹಿರಿಯರು ಹೇಳಿದರು’, ‘ಹೊತ್ತು ಮುಳುಗುತ್ತಿತ್ತು’ ಎಂದು ಅವನು ಏನಾದರೊಂದು ನೆಪ ಹೇಳಿಯಾನು ಎಂದುಕೊಂಡಿದ್ದರು; ಒಂದೊಂದಕ್ಕೂ ಅವರು ಉತ್ತರ ಮಸೆದಿಟ್ಟಿದ್ದರು.

“ಕಾಯಬೇಕಿತ್ತು ಕಾಕಾ,” ಎಂದ ಶರಣಕುಮಾರ. “ಎಲ್ಲಾರೂ ಗಡಿಬಿಡಿ ಮಾಡಿದ್ರು. ತಡೀರಿ ಅಂತ ನನ್ನ ಬಾಯಾಗ ಬರಲಿಲ್ಲ. ತಪ್ಪು ನಂದ.”

ಮಸೆದದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕಲ್ಲೇಶಪ್ಪ ಬೇರೆಯದನ್ನೇ ಕೇಳಿದರು.

“ಹ್ಯಾಂಗಿತ್ತು ಮುಖ?”

“ಪೂಜಾಕ ಕುಂತಂಗ ಇತ್ತು. ಲಿಂಗ ಎಡಗೈಯಾಗ ಇಟ್ಟಿವಿ. ಬೆರಳು ಮಡಚಲಿಲ್ಲ ಕಾಕಾ. ಒಂದೊಂದ ನಾನ ಮಡಚಿದೆ.”

ಕಲ್ಲೇಶಪ್ಪ ತಮ್ಮ ಎಡಗೈ ಮುಚ್ಚಲು ನೋಡಿದರು. ಬೆರಳು ಅಲುಗಲಿಲ್ಲ. ಆಗ ಅವರಿಗೆ ಅಳು ಬಂತು. ಹೆಂಡತಿ, ಮಗನಂಥ ಹುಡುಗ ಎದುರಿಗಿದ್ದಾರೆ ಎಂಬುದನ್ನೂ ನೋಡದೆ ದನಿ ತೆಗೆದು ಅತ್ತರು.

“ಗಾಡಿ ತೆಗಿ,” ಎಂದರು ಕೊನೆಗೆ.

ಆಸ್ಪತ್ರೆಯಲ್ಲಿ ಅಂಗೈ ಕೊಯ್ದು ಕೀವು ತೆಗೆದರು. ಕೈ ಉಳಿಯಿತು, ಎರಡು ಬೆರಳು ಮಡಚುವುದು ಕಷ್ಟ ಎಂದರು. ಮರುದಿನ ಮುಂಜಾನೆ ಕಲ್ಲೇಶಪ್ಪ ಹಾಸಿಗೆಯಲ್ಲೇ ಎದ್ದು ಕುಳಿತು, ಕಟ್ಟು ಹಾಕಿದ ಕೈಯನ್ನೂ ಕೊರಳಿನ ಲಿಂಗವನ್ನೂ ನೋಡಿದರು. ಇಂದು ಪೂಜೆ ತಪ್ಪುತ್ತದೆ ಎಂದುಕೊಂಡರು.

“ಬಲಗೈ ಮ್ಯಾಲ ಇಟ್ಕೋರಿ,” ಎಂದ ಶರಣಕುಮಾರ, ಲೋಟ ತೊಳೆದು ನೀರು ತಂದು. “ಶಿವ ಏನ ಬ್ಯಾಡ ಅಂತಾನ?”

ಕಲ್ಲೇಶಪ್ಪ ಜೀವನದಲ್ಲಿ ಮೊದಲ ಸಲ ಬಲ ಅಂಗೈ ಚಾಚಿ ಲಿಂಗವನ್ನು ಇಟ್ಟುಕೊಂಡರು.

“ಹಾಕು. ಸಾವಕಾಶ ಹಾಕು, ಅವಸರ ಮಾಡಬ್ಯಾಡ.”