ದ್ರೌಪತಿ ನಗು ಬಿಡಲು ಹೊರಟದ್ದು

ದ್ರೌಪತಿಯ ಮೊದಲ ಅಭ್ಯಾಸ ಪಾಠ ನಾಲ್ಕನೆಯ ನಿಮಿಷಕ್ಕೇ ನಿಂತುಹೋಯಿತು. ೧೯೭೭ರ ಜನವರಿ ತಿಂಗಳು. ಮುಡಬಿಯಿಂದ ಬಂದು ಬಸವಕಲ್ಯಾಣದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದ ಆಕೆ, ಮೂರನೆಯ ಇಯತ್ತೆಯ ಮಕ್ಕಳ ಮುಂದೆ ನಿಂತು, ಹಲಗೆಯ ಮೇಲೆ ‘ಒಂಟೆ’ ಎಂದು ದುಂಡಗೆ ಬರೆದು ಹಿಂತಿರುಗಿದಳು. ನಲವತ್ತು ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಮನೋವಿಜ್ಞಾನ ಕಲಿಸುವ ಚನ್ನಬಸಪ್ಪ ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದು ಬರೆಯಲು ಸಿದ್ಧರಾಗಿ ಕೂತಿದ್ದರು. ಹೊಟ್ಟೆಯ ಬುಡದಿಂದ ಒಂದು ಗುಳ್ಳೆ ಎದ್ದಿತು. ಎದೆಗೆ ಬಂತು, ಗಂಟಲಿಗೆ ಬಂತು, ಮೂಗಿನಿಂದ ‘ಫುರ್‌’ ಎಂದು ಹೊರಬಿತ್ತು. ಆಮೇಲೆ ದ್ರೌಪತಿ ಹಲಗೆಯನ್ನು ಹಿಡಿದುಕೊಂಡು ನಕ್ಕಳು. ಮಕ್ಕಳೂ ನಕ್ಕವು. ಒಂಟೆ ಅಲ್ಲೇ ಉಳಿಯಿತು.

ಇದು ಹೊಸ ರೋಗವಲ್ಲ. ದಾಖಲಾತಿಯ ದಿನ ಪ್ರಾಂಶುಪಾಲರು ಅಪ್ಪನ ಹೆಸರು ಕೇಳಿದಾಗಲೂ ನಕ್ಕಿದ್ದಳು. ಅಪ್ಪ ದೇವಿಂದ್ರಪ್ಪನಾದರೋ, ಮಗಳು ಟೀಚರಾಗುತ್ತಾಳೆಂದು ಬಸ್ಸಿನ ಡ್ರೈವರನಿಂದ ಹಿಡಿದು ತಾನು ಕೂಲಿಗೆ ಹೋಗುವ ಹೊಲದ ಮಾಲಕನವರೆಗೆ ಎಲ್ಲರಿಗೂ ಸಾರಿಬಿಟ್ಟಿದ್ದ. ಮಾರ್ಚಿನಲ್ಲಿ ಕೊನೆಯ ಪಾಠಪರೀಕ್ಷೆ. ನೋಡಲು ಬರುವವರು ಹೊರಗಿನ ಪರೀಕ್ಷಕರು.

ಆ ವಾರವೇ ಚನ್ನಬಸಪ್ಪ ಮಾಸ್ತರರು ಅನುಬಂಧನದ ಪಾಠ ಮಾಡಿದರು. ನಾಯಿಗೆ ಮೊದಲು ಘಂಟೆ ಬಾರಿಸಿ, ಹಿಂದೆಯೇ ಮಾಂಸ ಹಾಕುತ್ತ ಹೋದರೆ, ಕೆಲವು ದಿನಗಳ ಮೇಲೆ ಬರಿಯ ಘಂಟೆಗೇ ಅದರ ಬಾಯಲ್ಲಿ ನೀರೂರುತ್ತದೆ ಎಂದರು. ಪಾಠ ಮುಗಿಸಿ, “ಪುಸ್ತಕದಾಗ ಓದಿದ್ದು ಪುಸ್ತಕದಾಗೇ ಬಿಟ್ರ ಅದು ಕೊಳೀತದ. ಒಂದೊಂದು ಚಟ ಆರಿಸ್ಕೊಳ್ರಿ. ನಿಮ್ಮದರೇ ಆಗಲಿ, ಮಂದೀದರೇ ಆಗಲಿ. ಇಪ್ಪತ್ತೊಂದು ದಿನ ಪ್ರಯೋಗ ಮಾಡಿ ವಹಿಯಾಗ ಬರೀರಿ” ಎಂದರು.

ದ್ರೌಪತಿಯ ಕೋಣೆಯ ಗೆಳತಿ ಕುಲ್ಸುಮ್ ಬೀ, ಹುಮನಾಬಾದಿನವಳು, ಬೆಳಿಗ್ಗೆ ಐದಕ್ಕೆ ಏಳುವ ಚಟ ಕಲಿಯುತ್ತೇನೆಂದು ಬರೆದಳು. ಎದ್ದರೆ ಬಹುಮಾನವಾಗಿ ಒಂದು ಶೇಂಗಾ ಚಿಕ್ಕಿ. ಮೂರನೆಯ ದಿನಕ್ಕೆ ಆಕೆ ಐದಕ್ಕೆ ಎದ್ದು, ಚಿಕ್ಕಿ ತಿಂದು, ಮತ್ತೆ ಮಲಗುವುದನ್ನು ಕಲಿತಳು.

ದ್ರೌಪತಿ ತನ್ನ ವಹಿಯಲ್ಲಿ ಬರೆದಳು: ‘ನಗು ಬಿಡುವುದು. ಸಾಧನ: ಬೇವಿನ ಎಲೆ.’

ಉಪಾಯ ಕುಲ್ಸುಮಳದೇ. “ನಗೂವಾಗ ಬಾಯಾಗ ಕಹಿ ಇದ್ರ, ನಗೂನೇ ಕಹಿ ಆಗ್ತದ. ಸೀದಾ ಹಿಸಾಬ್!” ದಿನಾ ಸಂಜೆ ಹಾಸ್ಟೆಲ್ಲಿನ ಹಿಂದಿನ ಬೇವಿನ ಮರದ ಕೆಳಗೆ ಇಬ್ಬರೂ ಕೂಡುವರು. ದ್ರೌಪತಿ ಒಂದು ಎಲೆ ಬಾಯಿಗೆ ಹಾಕಿಕೊಳ್ಳುವಳು. ಹಾಕಿಕೊಂಡ ಕೂಡಲೇ ಕುಲ್ಸುಮ್ ನಗಿಸಲು ಶುರುಮಾಡುವಳು. ಪ್ರಾಂಶುಪಾಲರು ಮೂಗು ಒರೆಸುವಂತೆ, ವಾರ್ಡನ್ ಬಾಯಿಯವರು ಮಜ್ಜಿಗೆಯಲ್ಲಿ ನೊಣ ಕಂಡಂತೆ, ಎಮ್ಮೆಯೊಂದು ಕನ್ನಡ ವ್ಯಾಕರಣ ಓದುವಂತೆ. ದ್ರೌಪತಿ ಕಹಿ ಜಗಿಯುತ್ತ ನಕ್ಕು, ಕಣ್ಣಲ್ಲಿ ನೀರು ಸುರಿಸಿ, ‘ಇಂದು ಏಳು ಎಲೆ’ ಎಂದು ಬರೆದಿಡುವಳು. ಇಪ್ಪತ್ತೊಂದು ದಿನ, ಒಂದು ದಿನವೂ ತಪ್ಪದೆ.

ಇಪ್ಪತ್ತೆರಡನೆಯ ದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಬಂತು. ಮುಡಬಿಯಲ್ಲಿ ದೊಡ್ಡಪ್ಪ ನರಸಿಂಗ ತೀರಿಕೊಂಡಿದ್ದ. ಎಪ್ಪತ್ತೈದು ದಾಟಿದ್ದ ಆತ ಸುತ್ತಲ ಊರುಗಳಿಗೆಲ್ಲ ಬಾವಿ ತೋಡಿದವನು. ಮಧ್ಯಾಹ್ನ ಎರಡು ರೊಟ್ಟಿ ಉಂಡು, ಬೇಲಿಯ ನೆರಳಲ್ಲಿ ಒರಗಿದವನು ಏಳಲಿಲ್ಲ. ದ್ರೌಪತಿ ಬಸ್ಸಿನ ತುಂಬ ಅಳುತ್ತಲೇ ಹೋದಳು. ಅಳು ಖರೆಯಾಗಿತ್ತು.

ಮಣ್ಣು ಮುಗಿಸಿ ಎಲ್ಲರೂ ಮರಳಿದರು. ಬಾಗಿಲಲ್ಲಿ ಕಾಲು ತೊಳೆದುಕೊಂಡು, ತಾಟಿನಲ್ಲಿಟ್ಟ ಬೇವಿನ ಎಲೆ ಕಚ್ಚಿ ಒಳಗೆ ಬರಬೇಕು. ಹಿಂದಿನಿಂದ ಬಂದ ಪದ್ಧತಿ. ಗಂಡಸರು ಕಚ್ಚಿದರು, ಹೆಂಗಸರು ಕಚ್ಚಿದರು. ದ್ರೌಪತಿ ಕೂಡ ಏನೂ ಯೋಚಿಸದೆ ಒಂದು ಎಲೆ ನಾಲಿಗೆಯ ಮೇಲಿಟ್ಟಳು.

ಕಹಿ ತಾಗಿತೋ ಇಲ್ಲವೋ, ಗುಳ್ಳೆ ಎದ್ದಿತು.

ದ್ರೌಪತಿ ಹೌಹಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜಗಳು ಕುಣಿಯತೊಡಗಿದವು. “ಅಯ್ಯ, ಹುಡುಗಿಗಿ ದುಃಖ ತಡೀವಲ್ದು!” ಎಂದು ಒಬ್ಬಾಕೆ ಓಡಿಬಂದು ತಬ್ಬಿಕೊಂಡಳು. ಇನ್ನೊಬ್ಬಾಕೆ ಇನ್ನೊಂದು ಕಡೆಯಿಂದ ತಬ್ಬಿದಳು. ಇಬ್ಬರೂ ರಾಗ ತೆಗೆದು ಅತ್ತರು. ಅವರ ನಡುವೆ ಸಿಕ್ಕ ದ್ರೌಪತಿ ಎಲೆಯನ್ನು ಉಗುಳಲಾರದೆ, ನುಂಗಲಾರದೆ, ಕುದಿಯುವ ಗಡಿಗೆಯ ಮುಚ್ಚಳದಂತೆ ಅದುರುತ್ತಿದ್ದಳು. ಕಡೆಗೆ ‘ಫುರ್‌’ ಎಂಬುದು ಬಂದೇಬಿಟ್ಟಿತು. ಎಲೆ ಹಾರಿಹೋಗಿ ತಬ್ಬಿಕೊಂಡವಳ ಹೆಗಲ ಮೇಲೆ ಕೂತಿತು. ಬುದ್ಧನ ಪಟದ ಮುಂದೆ ಕೂತಿದ್ದ ದೊಡ್ಡವ್ವ ಗಯಾಬಾಯಿ ತಲೆಯೆತ್ತಿ ನೋಡಿದಳು. ದೇವಿಂದ್ರಪ್ಪ ಮಗಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

ಎರಡು ದಿನ ಅವಳೊಡನೆ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಗಯಾಬಾಯಿಯೇ ಕರೆದಳು.

“ಯಾಕ ನಕ್ಕಿ?”

ದ್ರೌಪತಿ ಅಳುತ್ತ ಎಲ್ಲ ಹೇಳಿದಳು. ನಾಯಿ, ಘಂಟೆ, ಮಾಂಸ, ಬೇವು, ಕುಲ್ಸುಮ್ ಬೀ, ವ್ಯಾಕರಣದ ಎಮ್ಮೆ. ದೊಡ್ಡವ್ವ ತಾಳ್ಮೆಯಿಂದ ಕೇಳಿದಳು.

“ಅಂದ್ರ ನಿಮ್ಮ ಮಾಸ್ತರ ನಿನಗ ನಾಯಿ ಅಂದಾನ?”

“ಇಲ್ಲ ದೊಡ್ಡವ್ವಾ, ನಾನೇ ಆಗೀನಿ.”

ಗಯಾಬಾಯಿಯ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಅದನ್ನು ಆಕೆ ಕೈಯಿಂದ ಒರೆಸಿಕೊಂಡಳು. “ನೀ ಮೊದಲಿಂದಾನೂ ಹಿಂಗ. ಆರು ವರ್ಷದಾಕಿ ಇದ್ದಾಗ ನಿಮ್ಮ ದೊಡ್ಡಪ್ಪ ಬಾವಿ ದಂಡಿಗಿ ನಿಲ್ಲಿಸಿದ್ರ, ಕಿಲಕಿಲ ನಗಾಕತ್ತಿದ್ದಿ. ಹುಡುಗಿಗಿ ಬಾವಿ ಭಾಳ ಖುಷಿ ಅಂದ್ರು ಮಂದಿ. ಅಂವಾ ಒಬ್ಬಾಂವ ನಿನ್ನ ಕಾಲು ಮುಟ್ಟಿ ನೋಡಿದ. ಗಡಗಡ ನಡಗಾಕತ್ತಿದ್ವು. ಇದು ನಗು ಅಲ್ಲ, ಅಂಜಿಕಿ ಅಂದ.”

“ಆಮ್ಯಾಲ?”

“ಆಮ್ಯಾಲೇನು, ಬಾವ್ಯಾಗ ದಿನಕ್ಕ ಒಂದ ಪಾವಟಿಗಿ ಇಳಿಸಿದ. ಒಂದಿನ ಮೊದಲನೇ ಪಾವಟಿಗಿ ಮ್ಯಾಲ ಕುಂತು ಶೇಂಗಾ ತಿಂದು ಬಂದ್ರಿ. ಮರುದಿನ ಎರಡನೇದು. ಹದಿನೆಂಟು ದಿನಕ್ಕ ನೀರು. ಆಮ್ಯಾಲ ನಿನ್ನ ನೀರಿಂದ ಹೊರಗ ತೆಗಿಯೂದೇ ಪರೇಶಾನಿ ಆತು.”

ಬಸವಕಲ್ಯಾಣಕ್ಕೆ ಮರಳಿದವಳೇ ದ್ರೌಪತಿ ನಡೆದದ್ದನ್ನೆಲ್ಲ ವಹಿಯಲ್ಲಿ ಬರೆದು ಮಾಸ್ತರರ ಮುಂದೆ ನಿಂತಳು. ಚನ್ನಬಸಪ್ಪನವರು ಪುಟ ತಿರುವಿದರು. ಬೇವಿನ ಮರದ ಭಾಗಕ್ಕೆ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಎವ್ವಾ, ಮೊದಲ ಎಲಿ, ಹಿಂದಿಂದ ನಗು. ನೀ ಘಂಟಿ ಬಾರಿಸಿ ಮಾಂಸ ಹಾಕಿದ್ದಿ! ನಗು ಬಿಡಿಸಾಕ ಹೋಗಿ ಬೇವಿಗೂ ನಗೂದು ಕಲ್ತಿ. ನಿನ್ನಷ್ಟು ಬರೋಬ್ಬರಿ ಪ್ರಯೋಗ ಈ ಬ್ಯಾಚಿನಾಗ ಯಾರೂ ಮಾಡಿಲ್ಲ.” ಮುಂದಿನ ಪುಟದಲ್ಲಿ ಬಾವಿಯ ವಿಷಯ ಓದಿ ಅವರು ನಗು ನಿಲ್ಲಿಸಿದರು. “ಇದನ್ನ ಯಾರು ಹೇಳಿದ್ರು?”

“ನಮ್ಮ ದೊಡ್ಡಪ್ಪ ಮಾಡಿದ್ದ್ರಿ. ಸಾಲಿ ಕಲ್ತಾಂವಲ್ಲ.”

“ದೊಡ್ಡ ದೊಡ್ಡ ಪುಸ್ತಕದಾಗ ಇದೇ ಅದ. ಅಂಜಿಕಿ ಹಂತ ಹಂತವಾಗಿ ಬಿಡಿಸೂದು. ಹೋಗು, ಪಾವಟಿಗಿ ಕಟ್ಟು.”

ದ್ರೌಪತಿ ಪಾವಟಿಗೆ ಕಟ್ಟಿದಳು. ಮೊದಲು ಹಾಸ್ಟೆಲ್ಲಿನ ಆಡಿಗೆ ಪಾಠ ಮಾಡಿದಳು. ಅದು ಪಾಠಯೋಜನೆಯ ಅಂಚನ್ನು ತಿಂದಿತು, ಬೇರೆ ತೊಂದರೆ ಕೊಡಲಿಲ್ಲ. ಆಮೇಲೆ ಕುಲ್ಸುಮ್, ಮುಖ ಸೊಟ್ಟ ಮಾಡುವುದಿಲ್ಲ ಎಂಬ ಆಣೆಯ ಮೇಲೆ. ಆಮೇಲೆ ಓಣಿಯ ಮೂರು ಮಕ್ಕಳು, ಆಮೇಲೆ ಎಂಟು, ಆಮೇಲೆ ಅದೇ ಎಂಟು ಮತ್ತು ವಾರ್ಡನ್ ಬಾಯಿ. ಗುಳ್ಳೆ ಎದ್ದ ದಿನ ಆ ಮೆಟ್ಟಿಲ ಮೇಲೇ ಕೂತು, ಅದು ತಾನಾಗಿ ಆರುವವರೆಗೆ ಕಾದಳು. ಅಂಜಿಕೆಯನ್ನು ಅಂಜಿಕೆ ಎಂದು ಕರೆದರೆ ಅದು ಅರ್ಧ ಇಳಿಯುತ್ತದೆ ಎಂಬುದು ಅವಳೇ ಕಂಡುಕೊಂಡದ್ದು.

ಮಾರ್ಚ್ ಹದಿನೆಂಟಕ್ಕೆ ಹುಮನಾಬಾದಿನ ಒಂದು ಶಾಲೆಯಲ್ಲಿ ಪರೀಕ್ಷೆ. ಅವಳ ಪಾಲಿಗೆ ನಾಲ್ಕನೆಯ ಇಯತ್ತೆ, ‘ನೀರಿನ ಮೂರು ರೂಪಗಳು’. ತನ್ನೂರಿನ ಹಕ್ಕಿನಿಂದ ಕುಲ್ಸುಮ್ ಬೆಳಿಗ್ಗೆಯೇ ಕಾಳು ಮಾರುವ ಅಡತಿಯ ಹತ್ತಿರದ ಸೋಡಾ ಅಂಗಡಿಗೆ ಹೋಗಿ, ಬರ್ಫ್ ಎನ್ನುವ ಮಂಜುಗಡ್ಡೆಯ ಒಂದು ದೊಡ್ಡ ತುಂಡು ತಂದು, ಕಟ್ಟಿಗೆ ಹೊಟ್ಟು ತುಂಬಿದ ಡಬ್ಬಿಯಲ್ಲಿ ಹೂತಿಟ್ಟಳು. ಪಾಠ ಇದ್ದದ್ದು ಹತ್ತಕ್ಕೆ. ಆದರೆ ಪರೀಕ್ಷಕರಾದ ತುಳಜಾರಾಮ ಸಾಹೇಬರ ಬಸ್ಸು ಬೀದರಿನಿಂದ ಬಂದದ್ದು ಹನ್ನೊಂದೂವರೆಗೆ. ದ್ರೌಪತಿಯ ಸರದಿ ಬಂದಾಗ ಬಿಸಿಲು ನೆತ್ತಿಗೇರಿತ್ತು.

ಪೀಠಿಕೆ ಚೆನ್ನಾಗಿ ಹೋಯಿತು. “ಈಗ ಗಟ್ಟಿ ರೂಪ ನೋಡೂಣು” ಎಂದು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಬರಿಯ ಒದ್ದೆ ಹೊಟ್ಟು.

ಗುಳ್ಳೆ ಎದ್ದಿತು. ಎದೆಗೆ ಬಂತು. ದ್ರೌಪತಿ ಡಬ್ಬಿಯ ಮೇಲೆ ಕೈಯಿಟ್ಟು ನಿಂತಳು. ಅಂಜಿಕಿ, ಎಂದುಕೊಂಡಳು. ಬಾ, ಕುಂದ್ರು. ಮುಂದಿನ ಸಾಲಿನ ಒಂದೇ ಒಂದು ಮುಖ ನೋಡಿದಳು. ಎರಡು ಜಡೆಯ ಪುಟ್ಟ ಹುಡುಗಿ. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಗುಳ್ಳೆ ಎದೆಯಿಂದಲೇ ಮರಳಿ ಇಳಿಯಿತು.

“ಮಕ್ಕಳೇ, ಮುಂಜಾನಿ ಇದರಾಗ ಇಷ್ಟು ದೊಡ್ಡ ಬರ್ಫ್ ಇತ್ತು. ಈಗ ಇಲ್ಲ. ಕಳ್ಳ ಯಾರು?”

ಕ್ಲಾಸು ಸಿಡಿಯಿತು. “ಇಂವಾ ರೀ!” “ನಾ ಅಲ್ರಿ, ಇಂವಾ!” “ಆ ಅಕ್ಕೋರು ತಿಂದಾರ್ರಿ!” ಎಂದು ಬಾಗಿಲಲ್ಲಿ ನಿಂತ ಕುಲ್ಸುಮಳ ಕಡೆಗೂ ಬೆರಳು ಹೋಯಿತು. ಎರಡು ಜಡೆಯ ಹುಡುಗಿ ಎದ್ದು ಬಂದು ಡಬ್ಬಿಯೊಳಗೆ ಬೆರಳಾಡಿಸಿ, “ಒದ್ದಿ ಆಗ್ಯಾದ್ರಿ! ಬಿಸಲಾ ಕದ್ದದ್ರಿ!” ಎಂದು ಕೂಗಿದಳು.

ಆಗ ಹಿಂದಿನ ಬೆಂಚಿನಿಂದ ತುಳಜಾರಾಮ ಸಾಹೇಬರು ಎದ್ದರು. ಅವರು ನೆಟ್ಟಗೆ ಬಂದು, ಇಸ್ತ್ರಿ ಮಾಡಿದ ತೋಳನ್ನು ಮೊಣಕೈವರೆಗೆ ಹೊಟ್ಟಿನಲ್ಲಿ ಮುಳುಗಿಸಿ, ತಡಕಾಡಿ, ನಿಂಬೆಹಣ್ಣಿನಷ್ಟು ಬರ್ಫಿನ ತುಂಡನ್ನು ಹೊರಗೆ ತೆಗೆದರು. “ಇಲ್ಲೇ ಅದ ನೋಡ್ರಿ! ಇಲ್ಲೇ ಅದ!” ಎಂದು ಅವರು ಕೂಗಿದ್ದು ಪಕ್ಕದ ಕ್ಲಾಸಿಗೂ ಕೇಳಿತು.

ತುಂಡು ಕೈಯಿಂದ ಕೈಗೆ ಹೋಯಿತು. ಹಿಡಿದವರೆಲ್ಲ ಕಿರುಚಿದರು, ಕುಣಿದರು, ಅಂಗೈ ನೆಕ್ಕಿದರು. ನಿಂಬೆ ಬೋರೆಹಣ್ಣಾಯಿತು, ಬೋರೆ ಕಡಲೆಕಾಳಾಯಿತು. ಕೊನೆಯ ಬೆಂಚಿನವನು ಮುಷ್ಟಿ ತೆರೆದಾಗ ಬರಿಯ ನೀರು. “ಓಡು, ಕಿಟಕಿ ಕಲ್ಲಿಗಿ ಕೈ ಒತ್ತು!” ಎಂದಳು ದ್ರೌಪತಿ. ಕಾದ ಕಲ್ಲಿನ ಮೇಲೆ ಒದ್ದೆ ಅಂಗೈಯ ಗುರುತು ಬಿತ್ತು. ಇಡೀ ಕ್ಲಾಸು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಮಾಯವಾದವು. “ಎಲ್ಲಿ ಹೋತು?” ಎಂದಳು. “ಗಾಳ್ಯಾಗ!” ಎಂದು ನಲವತ್ತೈದು ಗಂಟಲು ಕೂಗಿದವು. ಹೆಡ್‌ಮಾಸ್ತರರು ಬೆತ್ತ ಹಿಡಿದು ಓಡಿಬಂದವರು, ಮೀಸೆಯಲ್ಲಿ ಹೊಟ್ಟು ಸಿಕ್ಕಿಸಿಕೊಂಡ ಪರೀಕ್ಷಕರನ್ನು ನೋಡಿ ಹಾಗೆಯೇ ಹಿಂತಿರುಗಿದರು.

ಪಾಠ ಮುಗಿದ ಮೇಲೆ ಸಾಹೇಬರು ಪಡಸಾಲೆಯಲ್ಲಿ ಕೇಳಿದರು: “ಬರ್ಫ್ ಕರಗಲಿ ಅಂತ ಮುದ್ದಾಂ ಬಿಟ್ಟಿದ್ದಿರೇನು?”

“ಇಲ್ರಿ ಸಾಹೇಬ್ರ. ತಾನೇ ಕರಗ್ಯಾದ್ರಿ. ನನಗ ಭಾಳ ಅಂಜಿಕಿ ಆಗಿತ್ರಿ.”

“ಕಾಣಲಿಲ್ಲಲ್ಲ” ಎಂದು ಅವರು ಏನೋ ಬರೆದುಕೊಂಡರು. ಬರೆದದ್ದು ಐವತ್ತಕ್ಕೆ ನಲವತ್ತೊಂದು ಎಂದು ತಿಳಿದದ್ದು ಮೇ ತಿಂಗಳಲ್ಲಿ.

ಗೇಟು ದಾಟುವವರೆಗೆ ಗೆಳತಿಯರಿಬ್ಬರೂ ಗಂಭೀರವಾಗಿಯೇ ನಡೆದರು. ದಾಟಿದ ಮೇಲೆ ಕುಲ್ಸುಮ್ ಸಾಹೇಬರ ದನಿಯಲ್ಲಿ ಒಂದೇ ಸಲ “ಇಲ್ಲೇ ಅದ ನೋಡ್ರಿ!” ಎಂದಳು. ಸಾಕಾಯಿತು. ದ್ರೌಪತಿ ಖಾಲಿ ಡಬ್ಬಿಯನ್ನು ಅಪ್ಪಿಕೊಂಡು ರಸ್ತೆಯಲ್ಲೇ ಕೂತಳು. ಈ ನಗೆಯಲ್ಲಿ ಕಾಲು ನಡುಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ನಕ್ಕರು, ಬಸವಕಲ್ಯಾಣದ ಬಸ್ಸು ಹತ್ತುವಾಗ ನಕ್ಕರು, ಸೀಟು ಸಿಕ್ಕಾಗ ನಕ್ಕರು. ಕಂಡಕ್ಟರ್ ಟಿಕೇಟಿನ ಪೆಟ್ಟಿಗೆ ಹಿಡಿದು ಬಂದು ನಿಂತ. ಎಲ್ಲಿಗೆ ಎಂದು ಎರಡು ಸಲ ಕೇಳಿದ. ಇಬ್ಬರೂ ಬಾಯಿ ತೆರೆದರು, ಊರಿನ ಹೆಸರು ಬರಲಿಲ್ಲ.

“ಎಲ್ಲಿಗಿ ಅಂತ ಹೇಳಿ ನಗ್ರೆವ್ವಾ,” ಎಂದ ಆತ, “ರೊಕ್ಕ ತೊಗೊಂಡ ಮ್ಯಾಲ ಗಾಡಿ ಕಲ್ಯಾಣಕ್ಕ ಹೋಗೂತನಾ ನಗಬಹುದು.”