ತೊಂಬತ್ತೆರಡು ಡಿಗ್ರಿ

ಹಾಕ್ ಗ್ಯಾಪ್ ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಜುಲೈ ತಿಂಗಳ ಆ ಶನಿವಾರ ನೂರಿಪ್ಪತ್ತು ಜನ ಸಾಲಾಗಿ ಕುರ್ಚಿ ಹಾಕಿಕೊಂಡು ಟಿ.ವಿ.ಯಲ್ಲಿ ಒಂದು ಗಡಿಯಾರ ನೋಡುತ್ತಾ ಕೂತಿದ್ದರು. ಗಡಿಯಾರ ಆದಮೇಲೆ ಸೆಕೆ-ಚಳಿ ತೋರಿಸುವ ಮಾಪಕ ಬಂತು. ಆಮೇಲೆ ಗಾಳಿಯ ಒತ್ತಡದ್ದು, ಆಮೇಲೆ ಗಾಳಿಯ ವೇಗದ್ದು. ಕೊನೆಗೆ ಒಂದು ರಟ್ಟು: 'ಶುಕ್ರವಾರ ಚರ್ಚಿನಲ್ಲಿ ಆಲೂಗಡ್ಡೆಯ ಬ್ಲೀನಿ ದೋಸೆ. ಹಿಂದಿನ ಬಾಗಿಲಿಂದ ಬನ್ನಿ.' ರಟ್ಟು ಮುಟ್ಟಿದ ಕ್ಯಾಮೆರಾ ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ವಾಪಸು ಹೊರಟಿತು. ಜನ ಸುಖವಾಗಿ ಉಸಿರು ಬಿಟ್ಟರು.

ಅವರ ಕಾಲದ ಹವಾಮಾನ ಚಾನೆಲ್ ಅಂದರೆ ಇಷ್ಟೇ. ಕೇಬಲ್ ಆಫೀಸಿನ ಹಿಂದಿನ ಕೋಣೆಯಲ್ಲಿ ಈ ಮಾಪಕಗಳನ್ನು ಸಾಲಾಗಿ ಕೂರಿಸಿದ ಓಕ್ ಮರದ ಉದ್ದ ಪೆಟ್ಟಿಗೆ, ಅದರ ಮುಂದೆ ಮೇಯುವ ಹಸುವಿನಂತೆ ಕತ್ತು ಅತ್ತಿಂದಿತ್ತ ತಿರುಗಿಸುವ ಕಪ್ಪು-ಬಿಳುಪು ಕ್ಯಾಮೆರಾ, ಹಿನ್ನೆಲೆಗೆ ಒಂದೇ ಒಂದು ಆರ್ಗನ್ ಸಂಗೀತದ ಗ್ರಾಮಫೋನ್ ತಟ್ಟೆ. ಈಗಿನ ಚಾನೆಲ್ಲುಗಳಲ್ಲಿ ಮಳೆಕೋಟು ತೊಟ್ಟವನೊಬ್ಬ ಯಾವುದೋ ಸಮುದ್ರದ ದಡದಲ್ಲಿ ನಿಂತು ಕೂಗಾಡುತ್ತಾನೆ. ಅವನ ಟೊಪ್ಪಿ ಹಾರಿಹೋದರೆ ನಮಗೇನು ಅಂತ ಊರಿನವರ ದೂರು. ಆಗ ಬರುತ್ತಿದ್ದದ್ದು ನಮ್ಮ ಬೀದಿಯ ಗಾಳಿ, ನಮ್ಮ ಮಾಡಿನ ಬಿಸಿಲು.

ಪರದೆಯ ಮೇಲೆ ಮಾಪಕ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಸ್ವೆಟರ್ ಹಾಕುವಂಥ ಚಳಿ. ಹಾಲ್‌ನಲ್ಲಿ ಫ್ಯಾನ್ ಕೆಟ್ಟು ಎಲ್ಲರ ಬೆನ್ನೂ ಕುರ್ಚಿಗೆ ಅಂಟಿತ್ತು. ಆದರೂ ಮುಂದಿನ ಸಾಲಿನಲ್ಲಿದ್ದ ಹಾರ್ಡ್‌ವೇರ್ ಅಂಗಡಿಯ ಲಿಯೋ ಡೊಮಾಲಿಕ್, ಮುಳ್ಳು ನೋಡಿದವನೇ ಕೊರಳ ಗುಂಡಿ ಹಾಕಿಕೊಂಡ. ಈ ಊರಿನವರು ಹಾಗೇ. ಮನೆಯ ಜಗಲಿಯಲ್ಲಿ ಸ್ವಂತ ಥರ್ಮಾಮೀಟರು ತೂಗುಹಾಕಿದ್ದರೂ ಟಿ.ವಿ. ಹೇಳಿದಂತೆ ಅದನ್ನು ತಿದ್ದಿಕೊಳ್ಳುತ್ತಿದ್ದರು. ಲಿಯೋ ಅಂತೂ ಅಂಗಡಿಯಲ್ಲಿ ಮಾರುವ ಥರ್ಮಾಮೀಟರುಗಳನ್ನೆಲ್ಲ ಹಾಗೆ ತಿದ್ದಿಯೇ ಮಾರಿದವನು.

ಹಿಂದಿನ ಸಾಲಿನಲ್ಲಿ ಕೂತಿದ್ದ ಸ್ಟೆಲ್ಲಾ ಯುರ್ಕೊನಿಸ್‌ಗೆ ಇದು ಯಾವುದೂ ಸುಖ ಕೊಡಲಿಲ್ಲ. ಅವಳಿಗೆ ಎಪ್ಪತ್ತೆರಡು ವರ್ಷ. ಅದರಲ್ಲಿ ಹತ್ತೊಂಬತ್ತನ್ನು ಆ ಪೆಟ್ಟಿಗೆಯ ಹಿಂದೆ ಕಳೆದಿದ್ದಳು: ಧೂಳು ಒರೆಸಿ, ಗಡಿಯಾರಕ್ಕೆ ಕೀಲಿ ಕೊಟ್ಟು, ರಟ್ಟು ಬರೆದು, ಆರ್ಗನ್ ತಟ್ಟೆ ತಿರುವಿ ಹಾಕಿ. ಒಮ್ಮೆ ತಿನ್ನುತ್ತಿದ್ದ ಹ್ಯಾಮ್ ಸ್ಯಾಂಡ್‌ವಿಚ್ ಸಮೇತ ಅವಳ ಕೈ ಕ್ಯಾಮೆರಾಕ್ಕೆ ಸಿಕ್ಕಿಬಿತ್ತು. ಜಾಹೀರಾತು ಅಂದುಕೊಂಡ ಜನ ಸಂಜೆಯೊಳಗೆ ಕಸಾಯಿ ಅಂಗಡಿಯ ಹ್ಯಾಮ್ ಖಾಲಿ ಮಾಡಿದರು.

ಈಗ ಕೇಬಲ್ ಕಂಪನಿಯ ಮಾಲೀಕ ಹೆರಾಲ್ಡ್ ಬ್ರಾಂಡ್‌ಮಿಲ್ಲರ್ ಸತ್ತು, ಮಗ ರಿಚರ್ಡ್ ಕಂಪನಿಯನ್ನು ಮಾರಿ, ಅಟ್ಟದಲ್ಲಿ ಸಿಕ್ಕ ಪೆಟ್ಟಿಗೆಯನ್ನು ಊರ ಲೈಬ್ರರಿಗೆ ದಾನ ಕೊಡುತ್ತಿದ್ದ. ಅದನ್ನೇ ಕ್ಯಾಮೆರಾ ಸಮೇತ ವೇದಿಕೆಯ ಮೇಲಿಟ್ಟು ನಡೆಸಿ ತೋರಿಸುತ್ತಿದ್ದರು. ಪೆಟ್ಟಿಗೆಯ ಮೇಲೆ ಹಿತ್ತಾಳೆ ಫಲಕ. ಫಲಕದ ಮೇಲೆ ಅಪ್ಪನ ಹೆಸರು ಮಾತ್ರ. ಹಿಂದಿನ ವಾರ ಸ್ಟೆಲ್ಲಾ ಅವನ ಮನೆಗೇ ಹೋಗಿ, ನನ್ನದೊಂದು ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಾದರೂ ಇರಲಿ ಅಂತ ಕೇಳಿದ್ದಳು. ಅವನು ನಕ್ಕು, ಅವಳಿಗೆ ಕಾಫಿ ಕೊಟ್ಟು, "ಸ್ಟೆಲ್ಲಾ ಅವರೇ, ಅದು ಆಟೋಮ್ಯಾಟಿಕ್ ಆಗಿತ್ತಲ್ಲ" ಅಂದಿದ್ದ.

ಕಲ್ಲಿದ್ದಲನ್ನು ಧಣಿಗಳು ಒಯ್ದು, ಅದರ ಧೂಳನ್ನು ಗಂಡಸರ ಪುಪ್ಪುಸದಲ್ಲಿ ಬಿಟ್ಟುಹೋದ ಊರು ಅದು. ಗಣಿ ಮುಚ್ಚಿದ ಮೇಲೆ ಮನೆ ನಡೆಸಿದವರು ಶರ್ಟ್ ಫ್ಯಾಕ್ಟರಿಯ ಹೆಂಗಸರು. ಅಂಥ ಊರಿನಲ್ಲೂ ಯಾರದೋ ಕೈ ಸವೆದು ನಡೆದ ಕೆಲಸಕ್ಕೆಲ್ಲ ಒಂದೇ ಹೆಸರು: ಆಟೋಮ್ಯಾಟಿಕ್. ಸ್ಟೆಲ್ಲಾಗೆ ಆ ಕಾಫಿ ಎರಡು ದಿನ ಎದೆಯಲ್ಲೇ ನಿಂತಿತ್ತು.

ರಿಚರ್ಡ್ ಈಗ ಮೈಕಿನ ಮುಂದೆ ನಿಂತು ಅಪ್ಪನ ವಿಜ್ಞಾನದ ಬಗ್ಗೆ ಮಾತಾಡತೊಡಗಿದ. ಮಾಡಿನ ಮೇಲಿಂದ ಗೋಡೆಯೊಳಗೆ ಇಳಿಸಿದ ತಾಮ್ರದ ಸಣ್ಣ ಕೊಳವೆ ಹೊರಗಿನ ಬಿಸಿಯನ್ನು ಮುಳ್ಳಿಗೆ ತಲುಪಿಸುತ್ತಿತ್ತಂತೆ. ಮನುಷ್ಯರ ಕೈ ಸೋಕದೆ, ಇಪ್ಪತ್ತು ವರ್ಷ, ಒಂದು ಡಿಗ್ರಿಯೂ ತಪ್ಪದೆ. ಲಿಯೋ ಚಪ್ಪಾಳೆ ತಟ್ಟಿದ.

ಸ್ಟೆಲ್ಲಾ ಎದ್ದಳು. ಕುರ್ಚಿಗಳ ನಡುವಿನ ಸಂದಿಯಲ್ಲಿ ನಿಧಾನವಾಗಿ ಮುಂದೆ ಬಂದು, ವೇದಿಕೆ ಹತ್ತಿ, ಪೆಟ್ಟಿಗೆಯನ್ನು ಸುತ್ತು ಹಾಕಿ ಹಿಂದೆ ನಿಂತಳು. ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಬಿಳಿ ಕೂದಲು ಮಾತ್ರ. ಹಿಂಬದಿಯ ಹಲಗೆ ಕಳಚಿ ಕೆಳಗೆ ಬಿದ್ದ ಸದ್ದಾಯಿತು.

"ರಿಚೀ, ಇಲ್ಲಿ ಬಾ. ಕೊಳವೆ ಎಲ್ಲಿದೆ ತೋರಿಸು."

ಅವನು ಬಗ್ಗಿ ನೋಡಿದ. ಕೊಳವೆ ಇರಲಿಲ್ಲ. ಮಾಪಕದ ಬೆನ್ನಿಗೆ ಒಂದು ಶರ್ಟ್ ಗುಂಡಿ ಅಂಟಿಸಿತ್ತು. ದೊಡ್ಡದು, ನಾಲ್ಕು ತೂತಿನದು. ಸ್ಟೆಲ್ಲಾ ಅದನ್ನು ಎರಡು ಬೆರಳಲ್ಲಿ ತಿರುವಿದಳು. ಪರದೆಯ ಮೇಲೆ ಮುಳ್ಳು ಐವತ್ತೆಂಟರಿಂದ ಎಂಬತ್ತಾರಕ್ಕೆ ಬಂತು. ಲಿಯೋ ಕೊರಳ ಗುಂಡಿ ಬಿಚ್ಚಿದ.

ನಡೆದದ್ದನ್ನು ಅವಳು ಸಣ್ಣ ದನಿಯಲ್ಲಿ, ಅಡುಗೆ ಹೇಳಿಕೊಡುವವಳಂತೆ ಹೇಳಿದಳು. ಅರವತ್ತೇಳರ ಜನವರಿಯ ಹಿಮಕ್ಕೆ ಕೊಳವೆ ಸೀಳಿತು. ಹೊಸದು ತರಿಸೋಣ ಅಂದರೆ ಹೆರಾಲ್ಡ್, ಈ ಒಂದು ವಾರ ಕಿಟಕಿಯಿಂದ ನೋಡಿ ಅಂದಾಜಿಗೆ ಇಡು ಅಂದ. ಆ ವಾರ ಹನ್ನೆರಡು ವರ್ಷ ನಡೆಯಿತು. ಕಿಟಕಿ ಎದುರಿನ ಕ್ಷೌರದಂಗಡಿಯ ನಾಯಿ ಬಿಸಿಲಿಗೆ ಮಲಗಿದರೆ ಅರವತ್ತು, ನೆರಳಿಗೆ ಹೋದರೆ ಎಂಬತ್ತು, ಚರಂಡಿಗೆ ಇಳಿದರೆ ಎಂಬತ್ತೆಂಟು. ಕ್ಯಾಮೆರಾ ಆ ಕಡೆ ಗಾಳಿಯ ಮಾಪಕ ನೋಡುವಾಗ ಈ ಕಡೆ ಗುಂಡಿ ತಿರುವಬೇಕು.

ಇಷ್ಟಕ್ಕೆ ಜನ ನಗಾಡಿದರು. ರಿಚರ್ಡ್ ಕೂಡ ನಗಲು ಪ್ರಯತ್ನಿಸಿದ. ಆದರೆ ಮೂರನೇ ಸಾಲಿನಲ್ಲಿ ಫ್ಲಾರೆನ್ಸ್ ಮಾಟ್ಸ್ಕೊ ನಗಲಿಲ್ಲ. ಶರ್ಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕಾಲರ್ ಹೊಲಿದವಳು, ಯೂನಿಯನ್ನಿನ ಕಾರ್ಯದರ್ಶಿಯಾಗಿದ್ದವಳು. ಅವಳು ಬೆರಳು ಮಡಿಸಿ ಎಂಥದೋ ಎಣಿಸುತ್ತಿದ್ದಳು.

ಯಾಕೆಂದರೆ ಫ್ಯಾಕ್ಟರಿಗೂ ಯೂನಿಯನ್ನಿಗೂ ಆದ ಅರವತ್ತೆಂಟರ ಒಪ್ಪಂದದಲ್ಲಿ ಒಂದು ಸಾಲಿತ್ತು: ಹೊರಗೆ ತೊಂಬತ್ತೆರಡು ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡಕ್ಕೆ ಕೆಲಸ ಬಂದ್, ದಿನದ ಕೂಲಿ ಪೂರ್ತಿ. ತಗಡಿನ ಮಾಡಿನ ಕೆಳಗೆ ಇಸ್ತ್ರಿಯ ಹಬೆಯಲ್ಲಿ ಹೆಂಗಸರು ತಲೆತಿರುಗಿ ಬೀಳುತ್ತಿದ್ದ ಕಾಲ. ಆದರೆ ಯಾರ ಥರ್ಮಾಮೀಟರು? ಮ್ಯಾನೇಜರು ತನ್ನದನ್ನು ಬಡಗು ಗೋಡೆಯ ನೆರಳಲ್ಲಿ ನೇತುಹಾಕಿದ್ದ. ಯೂನಿಯನ್ನಿನವರು ತಮ್ಮದನ್ನು ಡಾಂಬರು ಹೊಯ್ದ ಮಾಡಿನ ಮೇಲಿಟ್ಟಿದ್ದರು. ಮೂರು ವಾರ ಕಿತ್ತಾಡಿ ಕೊನೆಗೆ ಎರಡೂ ಕಡೆಯವರು ಯಾರ ಪಕ್ಷಕ್ಕೂ ಸೇರದ ಟಿ.ವಿ.ಯ ಮುಳ್ಳಿಗೆ ಸಹಿ ಹಾಕಿದ್ದರು.

ಫ್ಲಾರೆನ್ಸ್ ಕೂತಲ್ಲಿಂದಲೇ ಕೇಳಿದಳು. "ಸ್ಟೆಲ್ಲಾ, ಎಪ್ಪತ್ತೊಂದರ ಆಗಸ್ಟಲ್ಲಿ ಹನ್ನೊಂದು ದಿನ ಸಾಲಾಗಿ ತೊಂಬತ್ತೆರಡು ಬಂತು. ನೆನಪಿದೆಯೇನೇ?"

"ಎರಡು ದಿನ ನಿಜವಾಗ್ಲೂ ಸೆಕೆ ಇತ್ತು ಕಣೇ."

"ಮಿಕ್ಕ ಒಂಬತ್ತು?"

"ಮಿಕ್ಕ ಒಂಬತ್ತು ದಿನ ನಾಯಿ ಬಿಸಿಲಲ್ಲೇ ಮಲಗಿತ್ತು."

ಲಿಯೋನ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು. ತಾನು ಹನ್ನೆರಡು ವರ್ಷ ಒಂದು ನಾಯಿಯನ್ನು ನೋಡಿ ಥರ್ಮಾಮೀಟರು ತಿದ್ದಿದೆನೆಂದು ಅವನಿಗೆ ಈಗ ಹೊಳೆದಿತ್ತು. ಅಂಗಡಿಯ ಮಾನ ಹೋಯಿತೆಂದು ಗೊಣಗಿದ. ಪಕ್ಕದವಳು, ನಿನ್ನ ಥರ್ಮಾಮೀಟರು ನಂಬಿ ನೆಟ್ಟ ನನ್ನ ಟೊಮೇಟೊ ಸಸಿಯೆಲ್ಲ ಹಿಮಕ್ಕೆ ಸುಟ್ಟುಹೋದದ್ದು ಯಾಕೆ ಅಂತ ಈಗ ಗೊತ್ತಾಯಿತು ಅಂದಳು.

ರಿಚರ್ಡ್ ಮೈಕಿಗೆ ಕೈ ಅಡ್ಡ ಹಿಡಿದು, ಸ್ಟೆಲ್ಲಾಳ ಕಿವಿಯಲ್ಲಿ ಮೆತ್ತಗೆ ಹೇಳಿದ. ಫಲಕದಲ್ಲಿ ಅವಳ ಹೆಸರು ಹಾಕಿಸುತ್ತಾನೆ, ಅಪ್ಪನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಇದೆಲ್ಲ ತಮಾಷೆಗೆ ಹೇಳಿದ್ದು ಅಂತ ಅವಳು ಮೈಕಲ್ಲಿ ಒಂದು ಮಾತು ಹೇಳಬೇಕು, ಅಷ್ಟೇ. ಇಲ್ಲದಿದ್ದರೆ ಪೆಟ್ಟಿಗೆ ಲೈಬ್ರರಿಗೆ ಹೋಗುವುದಿಲ್ಲ, ಮನೆಗೆ ವಾಪಸು.

ಸ್ಟೆಲ್ಲಾ ಫಲಕದ ಕಡೆ ನೋಡಿದಳು. ಅದನ್ನು ಚೆನ್ನಾಗಿ ಉಜ್ಜಿದ್ದರು. ಅವಳ ಮುಖವೇ ಅದರಲ್ಲಿ ಅಡ್ಡಡ್ಡವಾಗಿ ಕಾಣುತ್ತಿತ್ತು. ದಪ್ಪ ಅಕ್ಷರದ ಆಸೆ ಅವಳಿಗೆ ಇಲ್ಲದಿರಲಿಲ್ಲ. ಆಮೇಲೆ ಮೈಕನ್ನು ಅವನ ಕೈಯಿಂದ ತೆಗೆದುಕೊಂಡು ಹೇಳಿದಳು.

"ಇದನ್ನ ತಮಾಷೆ ಅನ್ನು ಅಂತಾನೆ ಇವನು. ನನ್ನ ಜನ್ಮದಲ್ಲಿ ನಾನು ಲಕ್ಷ್ಯ ಕೊಟ್ಟು ಮಾಡಿದ ಕೆಲಸ ಇದೊಂದೇ."

ಫ್ಲಾರೆನ್ಸ್ ಎದ್ದು ನಿಂತು, ಯೂನಿಯನ್ ಸಭೆಯಲ್ಲಿ ಮಾಡುತ್ತಿದ್ದ ಹಾಗೆ ಹಾಲ್‌ಗೆ ಮುಖ ಮಾಡಿ, ಸ್ಟೆಲ್ಲಾ ಯುರ್ಕೊನಿಸ್ ಹೆಸರಿಗೆ ಒಪ್ಪಿಗೆ ಇರುವವರು ಕೈ ಎತ್ತಿ ಅಂದಳು. ಇದು ಸಭೆ ಅಲ್ಲ, ಫಲಕ ತನ್ನದು ಅಂತ ರಿಚರ್ಡ್ ಹೇಳುವಷ್ಟರಲ್ಲಿ ಕೈಗಳು ಮೇಲಿದ್ದವು. ಕಾಲರ್ ಹೊಲಿದ ಕೈ, ಕಫ್ ಹೊಲಿದ ಕೈ, ಗುಂಡಿ ಕಟ್ಟಿದ ಕೈ; ಗಂಟು ಕಟ್ಟಿ ನೆಟ್ಟಗೆ ಚಾಚಲಾರದ ಬೆರಳುಗಳು. ಲಿಯೋನ ಹೆಂಡತಿ ಎರಡು ಕೈ ಎತ್ತಿದ್ದಳು, ಒಂದು ಅವನದು.

ರಿಚರ್ಡ್ ಹಲ್ಲು ಕಚ್ಚಿಕೊಂಡು ಪೆಟ್ಟಿಗೆಯ ಒಂದು ತುದಿ ಹಿಡಿದ. ಓಕ್ ಮರ, ಒಬ್ಬರಿಂದ ಎತ್ತಲಾಗದು. ಸುತ್ತ ನೋಡಿದ. ಗಂಡಸರೆಲ್ಲ ತಮ್ಮ ಬಿಯರ್ ಲೋಟದೊಳಗೆ ಏನೋ ಬಿದ್ದಿರುವಂತೆ ಇಣುಕಿ ನೋಡತೊಡಗಿದರು.

"ಆಟೋಮ್ಯಾಟಿಕ್ ಅಲ್ವೇನೋ ರಿಚೀ," ಅಂದಳು ಸ್ಟೆಲ್ಲಾ. "ನಡಿ ಅಂತ ಹೇಳು, ಅದೇ ಹಿಂದೆ ಬರುತ್ತೆ."

ಅವನು ಹಿತ್ತಾಳೆ ಫಲಕವನ್ನಷ್ಟೇ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೋದ. ಫಲಕ ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳು ಉಳಿದವು. ಲೈಬ್ರರಿಯವಳು ಪೆನ್ಸಿಲ್ ತೆಗೆದು ಸ್ಟೆಲ್ಲಾಳ ಪೂರ್ತಿ ಹೆಸರು ಬರೆದುಕೊಂಡು, ಉದ್ಯೋಗ ಏನಂತ ಹಾಕಲಿ ಅಂತ ಕೇಳಿದಳು. 'ಹವಾಮಾನ' ಅಂತ ಹಾಕು, ಇನ್ನೇನು, ಅಂತ ಯಾರೋ ಹೇಳಿದರು. ಹಾಗೇ ಬರೆದುಕೊಂಡಳು.

ಆಮೇಲೆ ಹೆಂಗಸರು ಅವಳ ಸುತ್ತ ಕುರ್ಚಿ ಎಳೆದುಕೊಂಡರು. ಆ ಒಂಬತ್ತು ಮಧ್ಯಾಹ್ನಗಳಲ್ಲಿ ಏನೇನು ಮಾಡಿದೆವು ಅಂತ ಒಬ್ಬೊಬ್ಬಳೂ ಹೇಳತೊಡಗಿದಳು. ಒಬ್ಬಳು ಒಂಬತ್ತೂ ದಿನ ಮಲಗಿ ನಿದ್ದೆ ಮಾಡಿದ್ದಳು, ಮದುವೆಯಾದ ಮೇಲೆ ಮೊದಲ ಸಲ. ಇನ್ನೊಬ್ಬಳ ಗಂಡನಿಗೆ ಆ ವಾರ ರಾತ್ರಿ ಪಾಳಿ, ಹಗಲು ಮನೆಯಲ್ಲಿದ್ದ; ಮುಂದಿನ ಮೇ ತಿಂಗಳಲ್ಲಿ ಡೆನಿಸ್ ಹುಟ್ಟಿದಳು. ಮಿಕ್ಕವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಊರಾಚೆಯ ಹಳೇ ಗಣಿಹೊಂಡದಲ್ಲಿ ಈಜಿದ್ದರು.

ಸ್ಟೆಲ್ಲಾ ಕೇಳುತ್ತಾ ಕೂತಿದ್ದಳು. ಆ ಒಂಬತ್ತೂ ಮಧ್ಯಾಹ್ನ ಅವಳು ಕಿಟಕಿ ಮುಚ್ಚಿದ ಹಿಂದಿನ ಕೋಣೆಯಲ್ಲಿ, ಹೆರಾಲ್ಡ್ ಬಂದು ಮುಳ್ಳು ಮುಟ್ಟದ ಹಾಗೆ ಕಾವಲು ಕೂತಿದ್ದಳು. ಕೇಬಲ್ ಆಫೀಸಿಗೆ ಯೂನಿಯನ್ ಇರಲಿಲ್ಲ.

"ನೀರು ಹೇಗಿತ್ತೇ?" ಅಂತ ಕೇಳಿದಳು.

ಫ್ಲಾರೆನ್ಸ್ ಯೋಚಿಸಿದಳು. "ಗಲೀಜು. ಕಲ್ಲಿದ್ದಲ ನೀರು. ಎರಡು ದಿನ ಮೈಯೆಲ್ಲ ತುರಿಸ್ತಿತ್ತು" ಅಂದಳು. ಬಿಯರ್ ಒಂದು ಗುಟುಕು ಕುಡಿದಳು. "ಆದ್ರೆ ಬಾಳ ತಣ್ಣಗಿತ್ತು ಕಣೇ ಸ್ಟೆಲ್ಲಾ. ನಾವಂತೂ ಕತ್ತಲಾಗೋವರೆಗೂ ಮೇಲೆ ಬರ್ತಿರ್ಲಿಲ್ಲ."