ಪ್ಲಗ್ಗಿನ ಅಡಿಯ ಗೆರೆ

ಬುಧವಾರ ಬೆಳಿಗ್ಗೆ ಹೋಟೆಲಿನ ಈಜುಕೊಳದ ಪಂಪು ಮತ್ತೆ ಗಾಳಿ ಎಳೆಯತೊಡಗಿತು. ಅದರ ಗಾಜಿನ ಮುಚ್ಚಳದ ಕೆಳಗೆ ನೀರಿಗಿಂತ ನೊರೆಯೇ ಹೆಚ್ಚು. ಪಂಪು ನೋಡಿಕೊಳ್ಳುವ ಯೆರ್ಕಾ ಅದನ್ನು ನಿಲ್ಲಿಸಿ ಒಳಗಿನ ಕಸ ತಡೆಯುವ ಬುಟ್ಟಿ ತೊಳೆದಳು, ಮುಚ್ಚಳದ ರಬ್ಬರಿಗೆ ಗ್ರೀಸ್ ಸವರಿದಳು, ಕೊಳದ ನೀರಿನ ಮಟ್ಟ ನೋಡಿ ಬಂದಳು. ಮತ್ತೆ ಶುರು ಮಾಡಿದರೆ ಅದೇ ಗೊರಗೊರ.

"ನಾಲ್ಕನೇ ವಾರ ಇದು," ಮ್ಯಾನೇಜರ್ ದುಬ್ರಾವ್ಕಾ ಬಾಗಿಲಲ್ಲೇ ನಿಂತು ಹೇಳಿದಳು. "ನಿನಗೆ ಮನುಷ್ಯರ ಹತ್ರ ಮಾತಾಡೋಕೆ ಬರಲ್ಲ, ಪಂಪಿನ ಹತ್ರಾನೂ ಬರಲ್ವಾ? ಬಾರ್ಬಾನ್ನ ಕರೀತೀನಿ. ಈ ಸಲಾನೂ ಅವರೇ ಸರಿ ಮಾಡಿದ್ರೆ ಸೋಮವಾರದಿಂದ ಕೆಲಸ ಅವರದೇ. ಬೇಜಾರು ಮಾಡ್ಕೋಬೇಡ."

ದ್ವೀಪದವರೆಲ್ಲ ಹಿರಿಯನೆಂಬ ಗೌರವಕ್ಕೆ ಬಾರ್ಬಾ ಎಂದು ಕರೆಯುವ ಮುದುಕ ವಿಚ್ಕೊ ಮೂವತ್ತು ವರ್ಷ ಈ ಪಂಪಿನ ಕೋಣೆ ನೋಡಿಕೊಂಡವನು. ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೆ ಕಲಿಸಿ, ಹೋದ ಶರತ್ಕಾಲದಲ್ಲಿ ಎಲ್ಲರೆದುರು ಬೀಗದ ಕೈ ಕೊಟ್ಟಿದ್ದ. ಈಗಲೂ ಮಂಗಳವಾರ ಮೀನು ಹಿಡಿದು ಬಂದವನು ಪಂಪಿನ ಪಕ್ಕದ ಸ್ಟೂಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಕಾಫಿ ತರಲು ಅವಳು ಮೇಲಿನ ಅಡುಗೆಮನೆಗೆ ಹೋಗುತ್ತಿದ್ದಳು.

ಅವಳು ಷೇವಿಂಗ್ ನೊರೆ ತಂದು, ಓಡುತ್ತಿರುವ ಪಂಪಿನ ಒಂದೊಂದು ಜೋಡಣೆಗೂ ಬಳಿದಳು. ಗಾಳಿ ನುಗ್ಗುವ ಕಡೆ ನೊರೆ ಒಳಗೆ ಹೋಗಲೇಬೇಕು. ಹೋಯಿತು. ತಳದಲ್ಲಿ ನೀರು ಬಸಿಯುವ ಪ್ಲಗ್ಗಿನ ಸುತ್ತ ನೊರೆ ಗುಳಿಬಿದ್ದು ಮಾಯವಾಯಿತು.

ಯೆರ್ಕಾ ನೆಲಕ್ಕೆ ಕೆನ್ನೆ ಹಚ್ಚಿ ಅಡಿಯಿಂದ ನೋಡಿದಳು. ಪಂಪಿನ ನಡುಕಕ್ಕೆ ಸಡಿಲವಾಗುತ್ತಿರಬಹುದೆಂದು ಅವಳು ಹೋದ ವಾರ ಅಲ್ಲಿ ಪ್ಲಗ್ಗಿಗೂ ಪಂಪಿಗೂ ಸೇರಿಸಿ ಉಗುರುಬಣ್ಣದ ಗೆರೆ ಎಳೆದಿದ್ದಳು. ಮೇಲ್ಗಡೆ ಎಳೆದರೆ ಯಾರನ್ನೋ ಅನುಮಾನಿಸಿದಂತೆ ಎಂಬ ಸಂಕೋಚ. ನಿನ್ನೆ ಕಾಫಿಗೆ ಹೋಗುವ ಮುಂಚೆ ಗೆರೆ ಕೂಡಿಯೇ ಇತ್ತು. ಆಮೇಲೆ ಬೀಗ ಹಾಕಿದ್ದು ಅವಳೇ. ಈಗ ಗೆರೆಯ ಎರಡು ತುಂಡು ಅರ್ಧ ಸುತ್ತು ದೂರ ನಿಂತಿದ್ದವು.

ಪ್ಲಗ್ಗನ್ನು ಮುಟ್ಟದೆ ಹಾಗೇ ಬಿಟ್ಟು ಅವಳು ಎದ್ದಳು.

ವಿಚ್ಕೊ ದುಬ್ರಾವ್ಕಾಳ ಜೊತೆ ನಗುತ್ತಲೇ ಬಂದು ಪಂಪಿನ ಕಡೆ ಕೈ ತೋರಿಸಿದ. "ಏನಮ್ಮಾ, ನಮ್ಮ ಮುದುಕಿ ಮತ್ತೆ ಹಟ ಹಿಡಿದಳಾ? ಹೋಗು ಮಗಳೇ, ಮೇಲೆ ಕೊಳದ ನೀರೆಳೆಯೋ ಬಾಯಿಗೆ ಎಲೆ ಕಟ್ಟಿದೆಯಾ ನೋಡ್ಕೊಂಡು ಬಾ."

ಪ್ರತಿ ಸಲವೂ ಅವಳು ಹೋಗಿದ್ದಳು. ಬರುವಷ್ಟರಲ್ಲಿ ಪಂಪು ಸರಿಯಾಗಿರುತ್ತಿತ್ತು.

"ನೋಡಿ ಆಯ್ತು ಬಾರ್ಬಾ. ನೀವು ಮಾಡಿ, ನಾನಿಲ್ಲೇ ಇರ್ತೀನಿ."

ಅವನು ಮುಚ್ಚಳ ತಟ್ಟಿದ, ಕೊಳವೆ ಮುಟ್ಟಿದ. ಜೇಬಿನಲ್ಲಿದ್ದ ಪಾನಾ ಹೊರಗೆ ಬರಲಿಲ್ಲ.

"ಪ್ಲಗ್ಗಿನ ಅಡಿ ಗೆರೆ ಎಳೆದಿದ್ದೆ," ಎಂದಳು ಯೆರ್ಕಾ. "ನಿನ್ನೆ ನಾನು ಕಾಫಿಗೆ ಹೋದಾಗ ಇಲ್ಲಿದ್ದವರು ನೀವೊಬ್ಬರೇ. ಬಿಗಿ ಮಾಡಿದ್ದಕ್ಕೆ ಗೆರೆ ಎಳಿ ಅಂತ ಕಲಿಸಿದ್ದೂ ನೀವೇ."

ಅವಳೇ ಕೂತು ಪ್ಲಗ್ಗು ತಿರುಗಿಸಿದಳು. ಗೆರೆ ಕೂಡಿತು. ಗೊರಗೊರ ನಿಂತು, ಗಾಜಿನ ಕೆಳಗೆ ನೀರು ತಿಳಿಯಾಯಿತು. ದುಬ್ರಾವ್ಕಾ ಇಬ್ಬರನ್ನೂ ನೋಡಿ, ಯೆರ್ಕಾಗೆ "ಸೋಮವಾರದ ಮಾತು ಮರೆತುಬಿಡು," ಎಂದು ಹೊರಟುಹೋದಳು.

"ಚಳಿಗಾಲ ಪೂರ್ತಿ ಯಾರೂ ಒಂದು ಫೋನ್ ಮಾಡ್ಲಿಲ್ಲ ಮಗಳೇ," ಎಂದ ವಿಚ್ಕೊ.

"ನಾನು ವಾರ ವಾರ ಕಾಫಿ ತರ್ತಿದ್ನಲ್ಲ."

ಅವನು ಹೋದ ಮೇಲೆ ಅವಳು ಜೋಡಣೆಗಳ ನೊರೆಯನ್ನೆಲ್ಲ ಒರೆಸಿದಳು. ಉಗುರುಬಣ್ಣದ ಸೀಸೆ ತೆಗೆದು ಒಂದೊಂದಕ್ಕೂ ಗೆರೆ ಎಳೆದಳು. ಈ ಸಲ ಮೇಲ್ಗಡೆ, ಬಾಗಿಲಿನಿಂದಲೇ ಕಾಣುವಂತೆ.